ಲ್ಯಾಕ್ಟೋಮೀಟರ್‌ಗೆ ಕಾಣದ್ದು

ನನ್ನ ಕೈಯಲ್ಲಿರುವುದು ಲ್ಯಾಕ್ಟೋಮೀಟರು. ಹಿಂದಿನ ಸಾಲಿನವರಿಗೆ ಕಾಣುತ್ತಾ? ಕೆಳಗೆ ಒಂದು ಬುರುಡೆ, ಮೇಲೆ ಸಣ್ಣ ಗಾಜಿನ ಕಡ್ಡಿ, ಕಡ್ಡಿಯೊಳಗೆ ಗೆರೆ ಹಾಕಿದ ಚೀಟಿ. ಅಷ್ಟೇ. ಬ್ಯಾಟರಿ ಇಲ್ಲ, ಯಂತ್ರ ಇಲ್ಲ. ಹಾಲು ಗಟ್ಟಿಯಿದ್ದರೆ ಮೇಲೆ ತೇಲುತ್ತದೆ, ನೀರಾಗಿದ್ದರೆ ಇಳಿಯುತ್ತದೆ. ನಮ್ಮೂರ ಡೈರಿಯಲ್ಲಿ ಇದನ್ನು ನೋಡಿಕೊಂಡೇ ನಾನು ಬೆಳೆದೆ. 'ಡಿಗ್ರಿ ಎಷ್ಟು ಬಂತು?' ಅನ್ನುವುದೇ ಬೆಳಗಿನ ಮೊದಲ ಮಾತು. 28ರಿಂದ 32ರ ಒಳಗಿದ್ದರೆ ನೆಮ್ಮದಿ. ಕಡಿಮೆ ಬಂತೋ, ಸಾಲಿನಲ್ಲಿ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಒಂದು ದಿನ ನಮ್ಮ ಮನೆಯ ಹಾಲಿಗೆ 26 ಬಂತು. ಟೆಸ್ಟರ್ ಏನೂ ಬೈಯಲಿಲ್ಲ. 'ಏನಕ್ಕಾ, ಹಸುಗೆ ನೀರು ಜಾಸ್ತಿ ಕುಡಿಸಿದ್ರಾ?' ಅಂದ. ಎಲ್ಲರೂ ನಕ್ಕರು. ನಮ್ಮಮ್ಮ ಕ್ಯಾನು ಎತ್ತಿಕೊಂಡು ಬಂದವರು ಆವತ್ತು ತಿಂಡಿ ತಿನ್ನಲಿಲ್ಲ. ನೀರು ಹಾಕಿರಲಿಲ್ಲ ಕಣ್ರೀ. ನಾನೇ ಪಕ್ಕದಲ್ಲಿ ಕೂತು ಕರೆಯುವುದನ್ನು ನೋಡಿದ್ದೆ.

ಮುಂದೆ ನಾನೇ ಹಾಲಿನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಾಗ, ಮೊದಲ ವಾರದಲ್ಲೇ ಉತ್ತರ ಸಿಕ್ಕಿತು. ನಮ್ಮಲ್ಲಿ ಬಳಸುವ ಲ್ಯಾಕ್ಟೋಮೀಟರ್ 27 ಡಿಗ್ರಿ ಸೆಲ್ಸಿಯಸ್‌ಗೆ ಅಂತ ಮಾಡಿದ್ದು. ಹಾಲು ಅದಕ್ಕಿಂತ ಬಿಸಿಯಿದ್ದರೆ ತೆಳ್ಳಗಿರುತ್ತದೆ, ಕಡ್ಡಿ ಇಳಿಯುತ್ತದೆ. ಒಂದೊಂದು ಡಿಗ್ರಿ ಬಿಸಿಗೂ ಹೆಚ್ಚುಕಡಿಮೆ 0.2 ಸೇರಿಸಿ ಲೆಕ್ಕ ಸರಿ ಮಾಡಬೇಕು. ನಮ್ಮ ಮನೆ ಡೈರಿಗೆ ನಾಲ್ಕೇ ಹೆಜ್ಜೆ. ಕರೆದ ಹಾಲು ಇನ್ನೂ ಬಿಸಿಬಿಸಿಯಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಅದರ ಮೇಲೆ ನೊರೆ ಬೇರೆ. ಟೆಸ್ಟರ್ ಹತ್ತಿರ ಥರ್ಮಾಮೀಟರ್ ಇರಲಿಲ್ಲ. ಹತ್ತು ಡಿಗ್ರಿ ಬಿಸಿ ಜಾಸ್ತಿ ಇತ್ತು ಅಂತ 26ಕ್ಕೆ ಎರಡು ಸೇರಿಸಿದ್ದರೆ 28. ಅಮ್ಮನ ತಿಂಡಿ ತಪ್ಪುತ್ತಿರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಪರೀಕ್ಷೆ ಅಂದ ತಕ್ಷಣ ನಾವು ಕೈ ಮುಗಿದುಬಿಡುತ್ತೇವೆ. ಪರೀಕ್ಷೆ ತಾನು ನೋಡಬೇಕಾದ್ದನ್ನು ಮಾತ್ರ ನೋಡುತ್ತದೆ. ಅದಕ್ಕೆ ಕಾಣದ್ದು ಬೇಕಾದಷ್ಟಿರುತ್ತದೆ.

ಈ ಕಡ್ಡಿಗೇ ಮೋಸ ಮಾಡುವುದು ಎಷ್ಟು ಸುಲಭ ನೋಡಿ. ಕೊಬ್ಬು ನೀರಿಗಿಂತ ಹಗುರ. ಹಾಲಿನಿಂದ ಕೆನೆ ತೆಗೆದರೆ ಉಳಿದ ಹಾಲು ಭಾರವಾಗಿ ಡಿಗ್ರಿ ಏರುತ್ತದೆ. ಹಾಗೆ ಏರಿದ್ದನ್ನು ನೀರು ಹಾಕಿ ಇಳಿಸಿದರೆ ಮತ್ತೆ ಅದೇ 29. ಕೆನೆಯೂ ಹೋಯಿತು, ನೀರೂ ಸೇರಿತು, ಲ್ಯಾಕ್ಟೋಮೀಟರ್ ಮಾತ್ರ 'ಎಲ್ಲ ಸರಿಯಾಗಿದೆ' ಅನ್ನುತ್ತದೆ!

ಅದಕ್ಕೇ ಫ್ಯಾಟ್ ಟೆಸ್ಟ್ ಬಂದದ್ದು. 1892ರಲ್ಲಿ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಅನ್ನುವವರು ಕಂಡುಹಿಡಿದ ಪರೀಕ್ಷೆ ಇವತ್ತಿಗೂ ನಮ್ಮಲ್ಲಿ ನಡೆಯುತ್ತಿದೆ. ಕತ್ತು ಉದ್ದನೆಯ ಒಂದು ಗಾಜಿನ ನಳಿಕೆ. ಅದಕ್ಕೆ 10 ಮಿಲಿಲೀಟರ್ ಗಂಧಕಾಮ್ಲ. ಮೇಲೆ ನಿಧಾನಕ್ಕೆ, ಗೋಡೆಗುಂಟ ಜಾರಿಸಿ 10.75 ಮಿಲಿಲೀಟರ್ ಹಾಲು. ಆಮೇಲೆ 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಅಲುಗಾಡಿಸಿದರೆ ಒಳಗಿದ್ದದ್ದೆಲ್ಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ನಳಿಕೆ ಎಷ್ಟು ಕಾಯುತ್ತದೆ ಅಂದರೆ ಟವೆಲ್ ಸುತ್ತಿಕೊಳ್ಳದೆ ಹಿಡಿಯಲಾಗುವುದಿಲ್ಲ. ಹೊಸಬರೆಲ್ಲ ಒಂದು ಸಲ ಕೈ ಸುಟ್ಟುಕೊಂಡೇ ಕಲಿಯುವುದು. ಆಮೇಲೆ ಅದನ್ನು ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿದರೆ, ಕೊಬ್ಬೆಲ್ಲ ತುಪ್ಪದ ಬಣ್ಣದ ಒಂದು ಕಡ್ಡಿಯಾಗಿ ಮೇಲೆ ನಿಲ್ಲುತ್ತದೆ. ಗೆರೆ ಎಣಿಸಿದರೆ ಫ್ಯಾಟ್ ಎಷ್ಟು ಅಂತ ಗೊತ್ತಾಯಿತು. ಈಗ ಡೈರಿಗಳಲ್ಲಿ ಒಂದು ಡಬ್ಬಿ ಇಟ್ಟಿರುತ್ತಾರೆ. ಹಾಲು ಹೀರಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಫ್ಯಾಟ್, ಎಸ್‌ಎನ್‌ಎಫ್ ಎರಡನ್ನೂ ತೋರಿಸುತ್ತದೆ. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು, ನೀರು ಬಿಟ್ಟು ಉಳಿದ ಗಟ್ಟಿ ಅಂಶ. ಆ ಡಬ್ಬಿ ಸರಿಯಾಗಿ ಹೇಳುತ್ತಿದೆಯಾ ಅಂತ ನೋಡುವುದಕ್ಕೆ ಮತ್ತೆ ಗರ್ಬರ್ ನಳಿಕೆಯೇ ಬೇಕು.

ಇಲ್ಲಿ ರೈತರ ಪರವಾಗಿ ಒಂದು ಮಾತು. ಫ್ಯಾಟ್ ಕಡಿಮೆ ಬಂದ ಕೂಡಲೇ ಕಳ್ಳ ಅನ್ನಬೇಡಿ. ಬೆಳಗಿನ ಹಾಲಿನಲ್ಲಿ ಕೊಬ್ಬು ಕಡಿಮೆ, ಸಂಜೆಯದರಲ್ಲಿ ಜಾಸ್ತಿ. ಕರೆಯುವಾಗ ಮೊದಲು ಬರುವ ಹಾಲು ತೆಳು, ಕೊನೆಯದು ಗಟ್ಟಿ. ಕೊನೆಯ ಹಾಲನ್ನು ಕರುವಿಗೆ ಬಿಡುವವರ ಮನೆಯ ಫ್ಯಾಟು ಸಹಜವಾಗಿಯೇ ಇಳಿಯುತ್ತದೆ. ಕರುವಿನ ಮೇಲೆ ಕೇಸು ಹಾಕಲಾಗುತ್ತದೆಯೇ?

ಸರಿ, ಫ್ಯಾಟ್ ಟೆಸ್ಟ್ ಬಂತು. ಮೋಸ ನಿಂತಿತಾ? ಇಲ್ಲ, ಅದೂ ಕಲಿಯಿತು. ಡಿಗ್ರಿ ಏರಿಸಲು ಸಕ್ಕರೆ, ಉಪ್ಪು. ಫ್ಯಾಟ್ ತೋರಿಸಲು ಅಡುಗೆ ಎಣ್ಣೆ. ಎಣ್ಣೆ ಹಾಲಿನಲ್ಲಿ ಬೆರೆಯಲು ಡಿಟರ್ಜೆಂಟ್. ಹುಳಿ ಬಂದದ್ದನ್ನು ಮುಚ್ಚಲು ಸೋಡಾ. ಕೆಡದಂತೆ ಇಡಲು ಫಾರ್ಮಲಿನ್. ಈ ಪಟ್ಟಿಯನ್ನು ಗಮನಿಸಿದರೆ ಒಂದೊಂದು ಕಲಬೆರಕೆಯೂ ಒಂದೊಂದು ಪರೀಕ್ಷೆಗೆ ಕೊಟ್ಟ ಉತ್ತರ.

ಇದರ ಅತಿ ಕೆಟ್ಟ ಉದಾಹರಣೆ ಚೀನಾದ್ದು. 2008. ಅಲ್ಲಿ ಹಾಲಿಗೆ ಬೆಲೆ ಕಟ್ಟಲು ಪ್ರೋಟೀನ್ ನೋಡುತ್ತಿದ್ದರು. ಆದರೆ ಪ್ರೋಟೀನನ್ನು ನೇರವಾಗಿ ಅಳೆಯುತ್ತಿರಲಿಲ್ಲ, ಸಾರಜನಕ ಅಳೆದು ಲೆಕ್ಕ ಹಾಕುತ್ತಿದ್ದರು. ಡೆನ್ಮಾರ್ಕಿನ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನ ಅದು. ಪ್ರೋಟೀನಿನಲ್ಲಿ ಸಾರಜನಕ ನೂರಕ್ಕೆ ಸುಮಾರು 16 ಭಾಗ. ಪ್ಲಾಸ್ಟಿಕ್ ತಟ್ಟೆ ಮಾಡಲು ಬಳಸುವ ಮೆಲಮಿನ್‌ನಲ್ಲಿ 66 ಭಾಗ. ನೀರು ಹಾಕಿದ ಹಾಲಿಗೆ ಚೂರು ಮೆಲಮಿನ್ ಸೇರಿಸಿದರೆ ಪರೀಕ್ಷೆಯಲ್ಲಿ ಒಳ್ಳೆಯ ಹಾಲು. ಆ ಹಾಲಿನ ಪುಡಿ ಕುಡಿದ ಮಕ್ಕಳ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು. ಸುಮಾರು ಮೂರು ಲಕ್ಷ ಮಕ್ಕಳಿಗೆ ತೊಂದರೆಯಾಯಿತು. ಆರು ಕಂದಮ್ಮಗಳು ಸತ್ತವು. ಅದೇ ವರ್ಷ ಭಾರತ ಚೀನಾದ ಹಾಲಿನ ಪದಾರ್ಥಗಳನ್ನು ತರಿಸುವುದನ್ನು ನಿಲ್ಲಿಸಿತು. ಈಗ ನಮ್ಮ ನಿಯಮಗಳಲ್ಲೂ ಮೆಲಮಿನ್‌ಗೆ ಮಿತಿ ಇದೆ. ಶಿಶುಗಳ ಹಾಲಿನ ಪುಡಿಗೆ ಕೆಜಿಗೆ 1 ಮಿಲಿಗ್ರಾಂ. ಹಾಲಿನಲ್ಲಿ ಇರಲೇಬಾರದ ವಸ್ತುವಿಗೆ ಮಿತಿ ಯಾಕೆ ಅಂತ ಕೇಳಬಹುದು. ಪಾತ್ರೆ, ಪ್ಯಾಕೆಟ್ಟುಗಳಿಂದ ಅದು ಅಷ್ಟಿಷ್ಟು ಬಂದೇ ಬರುತ್ತದೆ. ಯಾರೋ ಬೆರೆಸಿದ್ದಕ್ಕೂ ತಾನಾಗಿ ಬಂದದ್ದಕ್ಕೂ ಗೆರೆ ಎಳೆಯಬೇಕಲ್ವಾ.

ಈಗ ಕಾನೂನಿಗೆ ಬರೋಣ. ನಮ್ಮಲ್ಲಿ 1954ರಲ್ಲಿ ಆಹಾರ ಕಲಬೆರಕೆ ತಡೆ ಕಾಯ್ದೆ ಬಂತು. ಹೆಸರಲ್ಲೇ ಇದೆ ನೋಡಿ, ಕಲಬೆರಕೆ. ಯಾರೋ ಬೇಕಂತಲೇ ಬೆರೆಸುತ್ತಾರೆ, ಅವರನ್ನು ಹಿಡಿಯಬೇಕು ಅನ್ನುವುದೇ ಅದರ ಲೆಕ್ಕಾಚಾರ. ಶಿಕ್ಷೆ ಅಂದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಜೈಲು. ಹಾಲಿನ ಅಳತೆಗೋಲು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ ಇತ್ತು. ಹಸುವಿನ ಹಾಲಿನ ಫ್ಯಾಟು ಪಂಜಾಬ್, ಹರಿಯಾಣದಲ್ಲಿ ಶೇಕಡ 4 ಇರಬೇಕು, ನಮ್ಮಲ್ಲಿ 3.5, ಒಡಿಶಾದಲ್ಲಿ 3 ಆದರೂ ನಡೆಯುತ್ತದೆ. ಅದೇ ಹಸು ರೈಲು ಹತ್ತಿ ಗಡಿ ದಾಟಿದರೆ ಅದರ ಹಾಲು ಅಪರಾಧ! ಈಗ ದೇಶಕ್ಕೆಲ್ಲ ಒಂದೇ ಅಳತೆ. ಹಸುವಿನ ಹಾಲಿಗೆ ಫ್ಯಾಟ್ 3.2, ಎಸ್‌ಎನ್‌ಎಫ್ 8.3.

ಈಗಿನ ಕಾಯ್ದೆ 2006ರದ್ದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಇದರ ನಿಯಮಗಳು ಪೂರ್ತಿಯಾಗಿ ಜಾರಿಗೆ ಬಂದದ್ದು 2011ರ ಆಗಸ್ಟ್ 5ರಿಂದ. ಪ್ಯಾಕೆಟ್ಟಿನ ಮೇಲೆ ನೋಡುತ್ತೀರಲ್ಲ, ಎಫ್‌ಎಸ್‌ಎಸ್‌ಎಐ ಅಂತ, ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ, ಕೆಳಗೆ 14 ಅಂಕಿಯ ಲೈಸೆನ್ಸ್ ನಂಬರು, ಅದು ಈ ಕಾಯ್ದೆಯ ಕೂಸು. ಇದರಲ್ಲಿ ಹಾಲು ಅಂದರೆ ಏನು ಅಂತ ಬರೆದಿದ್ದಾರೆ. ಆರೋಗ್ಯವಾಗಿರುವ ಹಸು ಎಮ್ಮೆಯಿಂದ ಪೂರ್ತಿ ಕರೆದದ್ದು, ಏನೂ ಸೇರಿಸದ್ದು, ಏನೂ ತೆಗೆಯದ್ದು, ಗಿಣ್ಣು ಇಲ್ಲದ್ದು. ನಾವು ಊರೆಲ್ಲ ಹಂಚಿ, ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ತಿನ್ನುವ ಗಿಣ್ಣು ಕಾನೂನಿನ ಲೆಕ್ಕದಲ್ಲಿ ಹಾಲೇ ಅಲ್ಲ! ತಿನ್ನಬಾರದು ಅಂತಲ್ಲ, ಹೆದರಬೇಡಿ. ಹಾಲು ಅಂತ ಮಾರಬಾರದು ಅಷ್ಟೇ.

ಏನೂ ಸೇರಿಸದ್ದು ಅಂದೆ. ಹಾಗಾದರೆ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು? ಅದರ ಕಥೆ ಚೆನ್ನಾಗಿದೆ. 1940ರ ದಶಕದ ಬೊಂಬಾಯಿಯಲ್ಲಿ ಹಾಲಿಗೆ ಬರ. ಇದ್ದದ್ದು ಎಮ್ಮೆ ಹಾಲು, ಗಟ್ಟಿ ಮತ್ತು ದುಬಾರಿ. ದಾರಾ ಖುರೋಡಿ ಅನ್ನುವ ಅಧಿಕಾರಿ ಎಮ್ಮೆ ಹಾಲಿಗೆ ನೀರು ಹಾಕಿ, ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ ಫ್ಯಾಟ್ ಇಳಿಸಿದರು. ಬಡವರ ಕೈಗೂ ಹಾಲು ಸಿಕ್ಕಿತು. ಹಾಲಿಗೆ ನೀರು ಹಾಕಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಮನುಷ್ಯ ಅಂತ ನಾನು ತಮಾಷೆ ಮಾಡುವುದುಂಟು. 1963ರಲ್ಲಿ ಅಮುಲ್ ಕಟ್ಟಿದ ಕುರಿಯನ್, ತ್ರಿಭುವನದಾಸ್ ಪಟೇಲರ ಜೊತೆ ಅವರಿಗೂ ಆ ಪ್ರಶಸ್ತಿ ಬಂತು. ಅದೇ ಕೆಲಸವನ್ನು ಹೇಳದೆ ಮಾಡಿದರೆ ಮೋಸ. ಪ್ಯಾಕೆಟ್ಟಿನ ಮೇಲೆ 'ಟೋನ್ಡ್, ಫ್ಯಾಟ್ 3.0, ಎಸ್‌ಎನ್‌ಎಫ್ 8.5' ಅಂತ ಬರೆದು ಮಾಡಿದರೆ ವ್ಯಾಪಾರ.

ಹೊಸ ಕಾಯ್ದೆ ಮಾಡಿದ ಒಳ್ಳೆಯ ಕೆಲಸ ಅಂದರೆ ಮೂರು ಬೇರೆ ಬೇರೆ ತಪ್ಪುಗಳನ್ನು ಬಿಡಿಸಿದ್ದು. ಫ್ಯಾಟ್ ಕಡಿಮೆ ಬಂದರೆ ಅದು ಗುಣಮಟ್ಟದ ಕೊರತೆ. ಐದು ಲಕ್ಷದವರೆಗೆ ದಂಡ. ಪ್ಯಾಕೆಟ್ಟಿನ ಮೇಲೆ ಸುಳ್ಳು ಬರೆದಿದ್ದರೆ ಮೂರು ಲಕ್ಷದವರೆಗೆ. ಕುಡಿದವರಿಗೆ ಕೆಡುಕಾಗುವಂಥದ್ದಿದ್ದರೆ ಅದು ಅಸುರಕ್ಷಿತ, ಅದಕ್ಕೆ ಜೈಲು. ಯಾರಾದರೂ ಸತ್ತರೆ ಕನಿಷ್ಠ ಏಳು ವರ್ಷದಿಂದ ಜೀವಾವಧಿವರೆಗೆ. ನೀರು ಹಾಕಿದ ಹಾಲು ನಿಮ್ಮ ಜೇಬಿಗೆ ಕೆಟ್ಟದ್ದು. ವಿಷ ಇರುವ ಹಾಲು ದೇಹಕ್ಕೆ ಕೆಟ್ಟದ್ದು. ಟಿವಿಯವರು ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಗಾಬರಿ ಹುಟ್ಟಿಸುತ್ತಾರೆ.

ಆ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರುತ್ತದೆ. 'ಕಲಬೆರಕೆ ಹಾಲಿನಿಂದ 2025ರ ಹೊತ್ತಿಗೆ ನೂರಕ್ಕೆ 87 ಭಾರತೀಯರಿಗೆ ಕ್ಯಾನ್ಸರ್, ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ' ಅಂತ. ಆ ಸಂಸ್ಥೆ ಅಂಥ ಎಚ್ಚರಿಕೆ ಕೊಟ್ಟೇ ಇಲ್ಲ. ಸರ್ಕಾರವೂ ಸುಳ್ಳು ಅಂತ ಹೇಳಿತು. ನಮ್ಮ ಭಾವ ಇವತ್ತಿಗೂ ವರ್ಷಕ್ಕೊಂದು ಸಲ ಕಳಿಸುತ್ತಾರೆ.

ನಿಜವಾದ ಅಂಕಿ ಬೇಕಾ? 2018ರಲ್ಲಿ ಎಫ್‌ಎಸ್‌ಎಸ್‌ಎಐ ದೇಶದ 1,103 ಊರುಗಳಿಂದ 6,432 ಸ್ಯಾಂಪಲ್ ತೆಗೆಸಿತು. ಕೊಬ್ಬೋ ಎಸ್‌ಎನ್‌ಎಫ್ಫೋ ಇನ್ನೊಂದೋ ಹೆಚ್ಚುಕಡಿಮೆಯಾಗಿ ಗುಣಮಟ್ಟದಲ್ಲಿ ಫೇಲಾದವು ನೂರಕ್ಕೆ 41. ಅಂದರೆ ಜೇಬಿಗೆ ಕತ್ತರಿ ಬೀಳುವುದು ನಿಜ. ಆದರೆ ಅಸುರಕ್ಷಿತ ಅನ್ನಿಸಿಕೊಂಡವು 456. ಸುಮಾರು ನೂರಕ್ಕೆ ಏಳು. ಈಗ ಕೇಳಿ. ಆ 456ರಲ್ಲಿ ಯೂರಿಯಾ, ಡಿಟರ್ಜೆಂಟ್ ಥರದ ಕಲಬೆರಕೆಯಿಂದ ಕೆಟ್ಟವು ಎಷ್ಟಿರಬಹುದು? ಒಬ್ಬರು ಇನ್ನೂರು ಅಂದರು. ಹನ್ನೆರಡು! ಬರೀ ಹನ್ನೆರಡು. 77ರಲ್ಲಿ ಆಂಟಿಬಯಾಟಿಕ್ ಮಿತಿ ಮೀರಿತ್ತು. 368ರಲ್ಲಿ ಅಫ್ಲಾಟಾಕ್ಸಿನ್ ಎಂ1. ಅದೂ ಬಿಡಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ಜಾಸ್ತಿ.

ಅಫ್ಲಾಟಾಕ್ಸಿನ್ ಅನ್ನುವ ಹೆಸರು ಈ ಸಭೆಯಲ್ಲಿ ಎಷ್ಟು ಜನ ಕೇಳಿದ್ದೀರಿ? ನಾಲ್ಕು ಕೈ. ಯೂರಿಯಾ ಹಾಲು ಅಂತ ಕೇಳಿದವರು? ನೋಡಿ, ಎಲ್ಲರ ಕೈಯೂ ಮೇಲಿದೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸುಮ್ನೆ ಸಾಯತೊಡಗಿದವು. ಲಕ್ಷಕ್ಕೂ ಜಾಸ್ತಿ ಸತ್ತವು. ಕಾರಣ ಗೊತ್ತಾಗದೆ 'ಟರ್ಕಿ ಎಕ್ಸ್ ರೋಗ' ಅಂತ ಕರೆದರು. ಕೊನೆಗೆ ಸಿಕ್ಕಿಬಿದ್ದದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಹಿಂಡಿಗೆ ಬೂಷ್ಟು ಹಿಡಿದಿತ್ತು, ಬೂಷ್ಟು ವಿಷ ಬಿಟ್ಟಿತ್ತು. ಅದೇ ಅಫ್ಲಾಟಾಕ್ಸಿನ್. ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳ, ಇವೆಲ್ಲ ಅದಕ್ಕೆ ಇಷ್ಟ. ನಮ್ಮ ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಕುಯ್ಯುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ತೆನೆ ಒಣಗುವುದಿಲ್ಲ. ಕೆಟ್ಟ ಜೋಳ ಮನುಷ್ಯರಿಗೆ ಬೇಡ ಅಂತಾದರೆ ದನಕ್ಕೆ. ಕೊಟ್ಟಿಗೆ ಮೂಲೆಯಲ್ಲಿ ಹಿಂಡಿ ಚೀಲ ನೆಲಕ್ಕೇ ಇಟ್ಟಿರುತ್ತೇವೆ. ಕೆಳಗಿನ ತೇವ ಹತ್ತಿ ತಳದ ಹಿಂಡಿ ಗಂಟು ಕಟ್ಟಿರುತ್ತದೆ, ಹಸಿರು ಛಾಯೆ ಬಂದಿರುತ್ತದೆ. ಎಸೆಯಲು ಮನಸ್ಸು ಬರುತ್ತಾ? ನೀರಲ್ಲಿ ನೆನೆಸಿ ಹಸುವಿಗೆ ಇಟ್ಟುಬಿಡುತ್ತೇವೆ.

ಹಸು ತಿಂದ ವಿಷದಲ್ಲಿ ನೂರಕ್ಕೆ ಒಂದೆರಡು ಭಾಗ ಎಂ1 ಆಗಿ ಹಾಲಿಗೆ ಇಳಿಯುತ್ತದೆ. ಒಂದು ದಿನದೊಳಗೆ ಹಾಲಿನಲ್ಲಿ ಕಾಣುತ್ತದೆ. ಆ ಹಿಂಡಿ ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಹೋಗುತ್ತದೆ. ಕಾಯಿಸಿದರೆ ಮಾತ್ರ ಹೋಗುವುದಿಲ್ಲ. ಎಷ್ಟು ಕುದಿಸಿದರೂ ಇರುತ್ತದೆ, ಪುಡಿ ಮಾಡಿದರೂ ಇರುತ್ತದೆ. ನಮ್ಮ ಮಿತಿ ಕೆಜಿ ಹಾಲಿಗೆ ಅರ್ಧ ಮೈಕ್ರೋಗ್ರಾಂ. ಅದು ಎಷ್ಟು ಅಂತ ಹೇಗೆ ಹೇಳಲಿ? 20 ಸಾವಿರ ಲೀಟರಿನ ನೂರು ಟ್ಯಾಂಕರುಗಳನ್ನು ಸಾಲಾಗಿ ನಿಲ್ಲಿಸಿ. ಅಷ್ಟು ಹಾಲಿಗೂ ಸೇರಿ ಒಂದು ಗ್ರಾಂ. ಯುರೋಪಿನಲ್ಲಿ ಮಿತಿ ಇದರ ಹತ್ತನೇ ಒಂದು ಭಾಗ. ಇದನ್ನು ಹಿಡಿಯಲು ಈ ಗಾಜಿನ ಕಡ್ಡಿಯಿಂದ ಆಗುತ್ತದೆಯೇ?

ಈಗ ಕಾನೂನು ಎಲ್ಲಿ ನಿಂತುಬಿಡುತ್ತದೆ ಅಂತ ನೋಡಿ. 2006ರ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ. ಈ ಕಾಯ್ದೆ ರೈತನಿಗೆ, ಅವನ ಬೇಸಾಯಕ್ಕೆ, ಅವನ ದನಕರುಗಳಿಗೆ ಅನ್ವಯಿಸುವುದಿಲ್ಲ. ಸಂಘಕ್ಕೆ ಹಾಲು ಹಾಕುವ ಸದಸ್ಯ ಎಲ್ಲ ಹಾಲನ್ನೂ ಅಲ್ಲಿಗೇ ಕೊಟ್ಟರೆ ನೋಂದಣಿಯೂ ಬೇಡ. ಇದು ಸರಿಯಾಗಿಯೇ ಇದೆ ಅಂತ ನನ್ನ ಅಭಿಪ್ರಾಯ. ಎರಡು ಹಸು ಕಟ್ಟಿಕೊಂಡ ಹೆಣ್ಣುಮಗಳ ಮನೆ ಬಾಗಿಲಿಗೆ ಇನ್‌ಸ್ಪೆಕ್ಟರ್ ಬಂದು ನಿಲ್ಲುವುದು ಬೇಡ. ಆದರೆ ಪರಿಣಾಮ ಏನು? ಹಾಲಿನ ಇವತ್ತಿನ ದೊಡ್ಡ ಅಪಾಯ ಹುಟ್ಟುವುದು ಕೊಟ್ಟಿಗೆಯಲ್ಲಿ, ಕಾನೂನು ಶುರುವಾಗುವುದು ಕೊಟ್ಟಿಗೆಯ ಆಚೆ. ನೀರು ಹಾಕಿದವನಿಗೆ ತಾನು ಮೋಸ ಮಾಡುತ್ತಿದ್ದೇನೆ ಅಂತ ಗೊತ್ತು. ಬೂಷ್ಟು ಹಿಂಡಿ ಇಟ್ಟವಳಿಗೆ ಏನೂ ಗೊತ್ತಿಲ್ಲ. ಅವಳ ಹಾಲಿಗೆ ಡಿಗ್ರಿ 29, ಫ್ಯಾಟ್ 4. ಡೈರಿಯಲ್ಲಿ ಭೇಷ್ ಅನ್ನಿಸಿಕೊಂಡು ಬರುತ್ತಾಳೆ.

ಆಚೆ ಕಡೆ ಕಾನೂನು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನೂ ಸ್ವಲ್ಪ ಹೇಳಬೇಕು. ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಗೋ ಘಟಕಕ್ಕೋ ಬಂದು ಹಾಲು ತೆಗೆದು ನಾಲ್ಕು ಪಾಲು ಮಾಡಿ ಸೀಲ್ ಹಾಕುತ್ತಾರೆ. ಒಂದು ಆಹಾರ ವಿಶ್ಲೇಷಕರಿಗೆ. ಎರಡು ಮೇಲಧಿಕಾರಿ ಹತ್ತಿರ, ಮುಂದೆ ತಕರಾರು ಬಂದರೆ ಅಂತ. ಉಳಿದ ಒಂದನ್ನು ಮಾರಿದವರು ಕೇಳಿದರೆ ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ. ದಾರಿಯಲ್ಲಿ ಹಾಲು ಒಡೆಯಬಾರದಲ್ಲ, ಅದಕ್ಕೆ 25 ಮಿಲಿಲೀಟರಿಗೆ ಎರಡು ಹನಿಯಂತೆ ಏನು ಹಾಕಬೇಕು ಅಂತ ನಿಯಮದಲ್ಲಿದೆ ಗೊತ್ತಾ? ಫಾರ್ಮಲಿನ್. ಹೌದು, ಕಲಬೆರಕೆ ಪಟ್ಟಿಯಲ್ಲಿದ್ದ ಅದೇ ಫಾರ್ಮಲಿನ್. ನಗುವಂಥದ್ದೇನೂ ಅಲ್ಲ, ಇನ್ನೇನು ಮಾಡುತ್ತೀರಿ? ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಅಷ್ಟು ಹೊತ್ತಿಗೆ ಅದೇ ಬ್ಯಾಚಿನ ಹಾಲು ಕಾಫಿಯಾಗಿ, ಮೊಸರಾಗಿ, ಮುಗಿದೇ ಹೋಗಿರುತ್ತದೆ. ಸ್ಯಾಂಪಲ್ ಪರೀಕ್ಷೆ ತಪ್ಪು ಮಾಡಿದವರಿಗೆ ಶಿಕ್ಷೆ ಕೊಡಿಸುತ್ತದೆ. ಆ ದಿನದ ಹಾಲನ್ನು ಅದು ತಡೆಯುವುದಿಲ್ಲ.

ದಾರಿಯ ನಡುವಿನ ಕಳ್ಳತನವೂ ಇದೆ. 2021ರಲ್ಲಿ ಮಂಡ್ಯದ ಟ್ಯಾಂಕರುಗಳ ಸುದ್ದಿ ಓದಿರಬೇಕು. ನೀರಿಗೆ ಅಂತಲೇ ಒಳಗೆ ಗುಟ್ಟಾಗಿ ಬೇರೆ ಅರೆ ಮಾಡಿಸಿದ್ದರು ಅಂತ ಪತ್ರಿಕೆಗಳಲ್ಲಿ ಬಂತು. ಹಸು ಕಟ್ಟಿದವರೇ ಕಳ್ಳರಲ್ಲ ಅನ್ನುವುದಕ್ಕೆ ಇದು ನೆನಪಿರಲಿ.

ಹಾಗಾದರೆ ಕೊಟ್ಟಿಗೆಯ ವಿಷಯಕ್ಕೆ ಏನು ಮಾಡಬೇಕು? ಹಿಂಡಿಯನ್ನು ಹಿಡಿಯಬೇಕು. ಹಸುವಿನ ಹೊಟ್ಟೆಗೆ ಹೋಗಿ ಎಂ1 ಆಗುವ ವಿಷದ ಹೆಸರು ಅಫ್ಲಾಟಾಕ್ಸಿನ್ ಬಿ1. ಪಶು ಆಹಾರದಲ್ಲಿ ಅದು ಕೆಜಿಗೆ 20 ಮೈಕ್ರೋಗ್ರಾಂ ಮೀರಬಾರದು ಅಂತ ಬಿಐಎಸ್, ಅಂದರೆ ಭಾರತೀಯ ಮಾನಕ ಸಂಸ್ಥೆಯ ಮಾನದಂಡವಿದೆ. ಲಕ್ಷ ಹಸುಗಳ ಹಾಲು ನೋಡುವುದಕ್ಕಿಂತ ಹಿಂಡಿ ಗಿರಣಿಗಳನ್ನು ನೋಡುವುದು ಸುಲಭ, ಖರ್ಚೂ ಕಡಿಮೆ. ಸಂತೆಯಲ್ಲಿ ಲೇಬಲ್ಲಿಲ್ಲದ ಚೀಲದಲ್ಲಿ ಬರುವ ಹಿಂಡಿಯನ್ನು ಯಾರೂ ಕೇಳುವುದಿಲ್ಲ ಅನ್ನುವುದೇ ನನ್ನ ದೊಡ್ಡ ದೂರು.

ಆಂಟಿಬಯಾಟಿಕ್‌ದು ಇನ್ನೊಂದು ಥರ. ಹಸುವಿಗೆ ಕೆಚ್ಚಲು ಬಾವು ಬಂದಾಗ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ. ಇಷ್ಟು ದಿನ ಹಾಲು ಹಾಕಬೇಡಿ ಅಂತ ಔಷಧಿ ಡಬ್ಬಿಯ ಮೇಲೇ ಬರೆದಿರುತ್ತದೆ. ಆ ಹಾಲು ಚೆಲ್ಲಿದರೆ ಬಟವಾಡೆಯಲ್ಲಿ ದುಡ್ಡು ಕಡಿಮೆ. ಯಾರು ಚೆಲ್ಲುತ್ತಾರೆ? ಒಬ್ಬರ ಹಾಲು ನೂರು ಜನರ ಹಾಲಿನ ಜೊತೆ ಸೇರಿ ಟ್ಯಾಂಕರ್ ಹತ್ತುತ್ತದೆ. ಅಲ್ಲಿ ಸ್ಟ್ರಿಪ್ ಅದ್ದಿ ನೋಡುವ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಇಡೀ ಟ್ಯಾಂಕರ್ ವಾಪಸ್. ತಪ್ಪು ಯಾರದ್ದು ಅಂತ ಹುಡುಕುವುದಕ್ಕೂ ಆಗದು. ನಾನು ಹೇಳುತ್ತಾ ಬಂದಿರುವುದು ಇಷ್ಟೇ. 'ನಮ್ಮ ಹಸುಗೆ ಸೂಜಿ ಹಾಕ್ಸಿದೀನಿ' ಅಂತ ಬಂದು ಹೇಳಿದವರಿಗೆ ಆ ನಾಲ್ಕು ದಿನದ ದುಡ್ಡು ಕೊಟ್ಟು, ಹಾಲನ್ನು ಬೇರೆ ಚೆಲ್ಲಿ. ಒಂದು ಟ್ಯಾಂಕರ್ ಹಾಲಿಗಿಂತ ಅದು ಅಗ್ಗ.

ಪ್ಯಾಕೆಟ್ ಹಾಲು ಕಾಯಿಸಬೇಕಾ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಘಟಕದಲ್ಲಿ ಅದನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿರುತ್ತಾರೆ. ಕಾಯಿಸಿದ್ದಾರೋ ಇಲ್ಲವೋ ಅಂತ ತಿಳಿಯಲು ಫಾಸ್ಫಟೇಸ್ ಅನ್ನುವ ಕಿಣ್ವ ಉಳಿದಿದೆಯಾ ನೋಡುತ್ತೇವೆ. ರೋಗ ತರುವ ಕ್ರಿಮಿಗಳು ಸಾಯುವಷ್ಟು ಬಿಸಿಗೆ ಅದೂ ಸಾಯುತ್ತದೆ. ಅದು ಇಲ್ಲ ಅಂದರೆ ಹಾಲು ಸರಿಯಾಗಿ ಕಾದಿದೆ. ಘಟಕದಿಂದ ನಿಮ್ಮ ಫ್ರಿಜ್‌ವರೆಗೆ ತಣ್ಣಗೇ ಬಂದಿದ್ದರೆ ಮತ್ತೆ ಕಾಯಿಸಬೇಕಿಲ್ಲ. ಆದರೆ ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಕ್ರೇಟು ಇಳಿಸಿ ಹೋದರೆ ಅಂಗಡಿ ಬಾಗಿಲು ತೆಗೆಯುವುದು ಎರಡು ಗಂಟೆ ಬಿಟ್ಟು. ಕಾಯಿಸಿಬಿಡಿ.

ಇನ್ನೊಂದು ಚೀಟಿ. ಆಂಟಿಬಯಾಟಿಕ್ ಇದ್ದರೆ ಮನೆಯಲ್ಲಿ ಗೊತ್ತಾಗುತ್ತದೆಯೇ ಅಂತ. ಸಾಮಾನ್ಯವಾಗಿ ಇಲ್ಲ. ಆದರೆ ಒಮ್ಮೆ ನಮ್ಮ ಮನೆಯಲ್ಲೇ ಗೊತ್ತಾಗಿತ್ತು, ಗೊತ್ತಾದದ್ದು ಗೊತ್ತಾಗಲಿಲ್ಲ ಅಷ್ಟೇ. ನಾನು ಹೈಸ್ಕೂಲಿನಲ್ಲಿದ್ದೆ. ಹಸುವಿಗೆ ಕೆಚ್ಚಲು ಬಾವು ಬಂದು ಸೂಜಿ ಹಾಕಿಸಿದ್ದೆವು. ಮರುದಿನ ರಾತ್ರಿ ಅಮ್ಮ ಹೆಪ್ಪು ಹಾಕಿದರು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇದೆ. ಪಕ್ಕದ ಮನೆಯಿಂದ ಹೊಸ ಹೆಪ್ಪು ತಂದು ಹಾಕಿದರು. ಊಹೂಂ. 'ಚಳಿಗೆ ಹೆಪ್ಪು ಕೂತಿಲ್ಲ' ಅಂತ ಪಾತ್ರೆಗೆ ಗೋಣಿಚೀಲ ಸುತ್ತಿ ಒಲೆ ಪಕ್ಕ ಇಟ್ಟರು. ಹೆಪ್ಪಿನ ಕ್ರಿಮಿಗಳನ್ನೆಲ್ಲ ಔಷಧಿ ಕೊಂದುಹಾಕಿತ್ತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ಎರಡು ದಿನವೂ ನಾನೇ ಡೈರಿಗೆ ಹಾಲು ಹೊತ್ತುಕೊಂಡು ಹೋಗಿದ್ದೆ. ಪಾಸ್‌ಬುಕ್ಕಿನಲ್ಲಿ ಟೆಸ್ಟರ್ ನೀಲಿ ಇಂಕಿನಲ್ಲಿ ದುಂಡಗೆ ಬರೆದುಕೊಟ್ಟಿದ್ದ. ಎರಡು ದಿನವೂ 29.